ಕುಕನೂರಿನ ಕೈಗುಣ

ಹಿರೇಹಳ್ಳ ಸಹಕಾರಿ ಬ್ಯಾಂಕಿನ ಕೊಪ್ಪಳದ ಹೆಡ್ಡಾಫೀಸಿನಲ್ಲಿ ಮನುಷ್ಯರಿಗಿಂತ ಯಂತ್ರಕ್ಕೆ ಮರ್ಯಾದೆ ಹೆಚ್ಚು. ಮನುಷ್ಯರಿಗೆ ಕಿರಗುಟ್ಟುವ ಫ್ಯಾನು, ಯಂತ್ರಕ್ಕೆ ಎರಡೆರಡು ಎ.ಸಿ. ಹೈದರಾಬಾದಿನ ಯಾವುದೋ ಕಂಪನಿ ಹಳತಾಯಿತೆಂದು ಮಾರಿದ ದೊಡ್ಡ ಕಂಪ್ಯೂಟರು, ಮೇನ್‌ಫ್ರೇಮ್ ಅದು. ಕೊಪ್ಪಳ ಹೊಸ ಜಿಲ್ಲೆಯಾದ ಮರುವರ್ಷ ಲಾರಿಯಿಂದ ಅದನ್ನು ಇಳಿಸಿದಾಗ, ಬ್ಯಾಂಕಿನವರು ಬಟ್ಟೆ ಇಡಲು ಬೀರು ತರಿಸಿದ್ದಾರೆ ಎಂದು ಓಣಿಯವರೆಲ್ಲ ನಂಬಿದ್ದರು. ಅಂದಿನಿಂದ ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕನಕಗಿರಿ, ಕುಕನೂರು, ತಳಕಲ್, ಎಲ್ಲ ಕಡೆಯ ಜಮಾ-ಖರ್ಚೂ ತಂತಿಯ ಮೇಲೆ ಬಂದು ಈ ಬೀರುವಿನ ಹೊಟ್ಟೆಗೇ ಬೀಳುತ್ತಿತ್ತು.

ಅದನ್ನು ನೋಡಿಕೊಳ್ಳುವವಳು ಮಲ್ಲೇಶ್ವರಿ. ಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದು ಅವಳಿಗೆ ನೆನಪಿರುವುದಿಲ್ಲ, ಯಂತ್ರ ಒಮ್ಮೆ ತಡವರಿಸಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಅವಳ ಜೊತೆಗೆ ಆಪರೇಟರ್ ಗಾಳೇಶ. ಬಾಯಿ ಸ್ವಲ್ಪ ಜಾಸ್ತಿ, ಕೆಲಸದಲ್ಲಿ ಗಟ್ಟಿ.

ಯಂತ್ರದೊಳಗೆ ಕೆಲಸ ನಡೆಯುವ ಜಾಗಕ್ಕೆ ಪುಸ್ತಕದಲ್ಲಿ ಏನೋ ದೊಡ್ಡ ಹೆಸರಿತ್ತು. ಇವರಿಬ್ಬರೂ ಅದನ್ನು ಕೋಣೆ ಎನ್ನುತ್ತಿದ್ದರು. ಐದು ವರ್ಷ ಒಂದೇ ಕೋಣೆಯಲ್ಲಿ ಸಂಸಾರ ಸಾಗಿತ್ತು. ಶಾಖೆಗಳು ಹೆಚ್ಚಾದಂತೆ ಇಕ್ಕಟ್ಟಾಯಿತು. ಭತ್ತದ ಸುಗ್ಗಿಯಲ್ಲಿ ಗಂಗಾವತಿಯ ಕೌಂಟರಿನವನು ಗುಂಡಿ ಒತ್ತಿ, ಹೊರಗೆ ಹೋಗಿ ಚಹಾ ಕುಡಿದು ಬಂದರೂ ಪರದೆ ಇದ್ದ ಹಾಗೇ ಇರುತ್ತಿತ್ತು. ಅದಕ್ಕೇ ಎರಡು ಸಾವಿರದ ಮೂರರಲ್ಲಿ ಇನ್ನೆರಡು ಕೋಣೆ ಕಟ್ಟಿದರು. ಬಾಗಿಲಲ್ಲಿ ಒಂದು ಪ್ರೋಗ್ರಾಮು ನಿಂತು, ಬಂದ ಕೆಲಸವನ್ನು ಖಾಲಿ ಇರುವ ಕೋಣೆಗೆ ಕಳಿಸಬೇಕು. ಆ ಪ್ರೋಗ್ರಾಮಿಗೇ ಇವರು ಬಾಗಿಲು ಎಂದು ಹೆಸರಿಟ್ಟರು. ಸುಗ್ಗಿಗೆ ಮೊದಲು ಅದನ್ನು ಚಾಲೂ ಮಾಡಿಸುವ ಭಾರ ಮಲ್ಲೇಶ್ವರಿಯ ಹೆಗಲೇರಿತು.

ಕೇಳುವುದಕ್ಕೇನೋ ಸಲೀಸು. ತೊಡಕಿದ್ದದ್ದು ಕೆಲಸ ಕೆಲಸಗಳ ನಡುವಿನ ನಂಟಿನಲ್ಲಿ. ಕೆಲವು ಕೆಲಸಗಳು ಮುಗಿದು ಹೋಗುವಾಗ, ಹಿಂದೆ ಬರುವವರು ಓದಿಕೊಳ್ಳಲಿ ಎಂದು ಕೋಣೆಯಲ್ಲಿ ಒಂದು ಚೀಟಿ ಇಟ್ಟು ಹೋಗುತ್ತವೆ. ಇರುವುದೊಂದೇ ಕೋಣೆಯಾದರೆ ಚಿಂತೆಯಿಲ್ಲ. ಮೂರಾದಾಗ ಚೀಟಿ ಒಂದು ಕಡೆ, ಓದಬೇಕಾದವನು ಇನ್ನೊಂದು ಕಡೆ. ಅವನು ಹುಡುಕಿ ಸುಸ್ತಾಗಿ ಕೆಲಸವನ್ನು ಅರ್ಧಕ್ಕೇ ಕೈಬಿಡುತ್ತಾನೆ. ಹಾಗಾಗಿ ಯಾವುದಕ್ಕೆ ಯಾವುದರ ನಂಟಿದೆ ಎಂದು ಮೊದಲೇ ಪತ್ತೆ ಹಚ್ಚಿ, ನಂಟಿರುವವರನ್ನೆಲ್ಲ ಒಂದೇ ಕೋಣೆಗೆ ಬಿಡು ಎಂದು ಬಾಗಿಲಿಗೆ ಹೇಳಿಡಬೇಕು.

"ಮದುವಿ ಮನ್ಯಾಗ ಬೀಗರನ್ನ ಒಂದ ಪಂಕ್ತ್ಯಾಗ ಕುಂದ್ರಸತಾರಲ್ರಿ ಮೇಡಂ, ಹಂಗ" ಎಂದು ಗಾಳೇಶ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ.

ಮಲ್ಲೇಶ್ವರಿ ಮೊದಲು ಎಲ್ಲ ಪ್ರೋಗ್ರಾಮುಗಳನ್ನು ಕೂತು ಓದಿದಳು. ಆಮೇಲೆ ಯಂತ್ರದೊಳಗೇ ಒಂದು ಕಾವಲು ಪ್ರೋಗ್ರಾಮು ಕೂರಿಸಿದಳು. ಯಾರು ಚೀಟಿ ಇಟ್ಟರು, ಯಾರು ಓದಿದರು ಎಂದು ಅದು ಎಲ್ಲ ಊರಿನ ಸಂತೆಯ ದಿನವೂ ಕಣ್ಣಿಟ್ಟು ನೋಡಬೇಕು. ಅವಳಿಗೆ ಮೊದಲೇ ಗೊತ್ತಿದ್ದ ನಂಟೊಂದಿತ್ತು. ಬೆಳಿಗ್ಗೆ ನೌಕರರು ತಮ್ಮ ನಂಬರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆದಾಗ, ಇವರು ಯಾರು, ಏನೇನು ಮಾಡಬಹುದು ಎಂದು ಯಂತ್ರ ಒಂದು ಚೀಟಿ ಬರೆದಿಡುತ್ತದೆ. ಅವರ ಆ ದಿನದ ಎಲ್ಲ ಕೆಲಸವೂ ಆ ಚೀಟಿ ನೋಡಿಯೇ ಮುಂದೆ ಹೋಗಬೇಕು. ಅಂದರೆ ಒಬ್ಬ ನೌಕರನ ಕೆಲಸವೆಲ್ಲ ಒಂದೇ ಕೋಣೆಗೆ. ಅದರಿಂದ ತೊಂದರೆಯೇನಿಲ್ಲ, ನೌಕರರು ನೂರಾರು ಜನ, ಮೂರು ಕೋಣೆಗೂ ತಾವಾಗಿಯೇ ಹಂಚಿಹೋಗುತ್ತಾರೆ ಎಂದು ಅವಳ ಲೆಕ್ಕ.

ಕಾವಲು ಮುಗಿದ ಮಂಗಳವಾರ ಪರದೆ ನೋಡಿದರೆ ಲೆಕ್ಕ ತಲೆಕೆಳಗಾಗಿತ್ತು. ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ಕೆಲಸ ಒಬ್ಬನೇ ನೌಕರನ ನಂಬರಿಗೆ ಅಂಟಿಕೊಂಡಿತ್ತು. ಅದೇ ನಂಬರು ಕುಕನೂರಿನಲ್ಲಿ ಜಮಾ ತಗೊಳ್ಳುವ ಗಳಿಗೆಯಲ್ಲೇ ಕುಷ್ಟಗಿಯಲ್ಲಿ ಪಾಸ್‌ಬುಕ್ ಮುದ್ರಿಸುತ್ತಿದೆ, ಕನಕಗಿರಿಯಲ್ಲಿ ಬಂಗಾರದ ಸಾಲ ಕೊಡುತ್ತಿದೆ.

"ಈ ಮನಷ್ಯಾ ಊಟಾ ಮಾಡ್ತಾನೋ ಇಲ್ಲೋ ಮೇಡಂ" ಎಂದ ಗಾಳೇಶ.

ಹೀಗಾದರೆ ಬಾಗಿಲು ಆ ನಂಬರಿನವರನ್ನೆಲ್ಲ ಒಂದೇ ಕೋಣೆಗೆ ತುರುಕುತ್ತದೆ. ಅದು ಉಸಿರುಗಟ್ಟಿ ಸಾಯುತ್ತದೆ, ಉಳಿದೆರಡು ಕೋಣೆಗಳಲ್ಲಿ ನೊಣ ಹೊಡೆಯುವುದಷ್ಟೇ ಕೆಲಸ. ಯಾರದಪ್ಪಾ ಈ ನಂಬರು ಎಂದು ಮಲ್ಲೇಶ್ವರಿ ಹುಡುಕಿದಳು. ಹೆಸರು ಪರದೆಯ ಮೇಲೆ ಬಂತು: ಪಾರ್ವತೆಮ್ಮ, ಕ್ಯಾಷಿಯರ್, ಕುಕನೂರು ಶಾಖೆ.

ಗಾಳೇಶ ಎ.ಸಿ. ಸರಿಮಾಡುವ ನೆಪದಲ್ಲಿ ಎದ್ದು ಆಚೆ ಸರಿದ. ಪಾರ್ವತೆಮ್ಮ ಮೇಡಮ್ಮಿನ ಹೆತ್ತವ್ವ ಎಂಬುದು ಅವನಿಗೆ ಗೊತ್ತಿತ್ತು.

ಮಲ್ಲೇಶ್ವರಿಗೆ ಕಾರಣ ತಟ್ಟನೆ ಹೊಳೆಯಿತು. ಪಾರ್ವತೆಮ್ಮನ ಕೈಗುಣ ಕುಕನೂರಿಗೆಲ್ಲ ಗೊತ್ತು. ಅವಳ ಕೈಯಿಂದ ಬೋಣಿಯಾದರೆ ಅಂಗಡಿಗೆ ಗಿರಾಕಿ ತಪ್ಪುವುದಿಲ್ಲ, ಅವಳು ಮುಟ್ಟಿ ಕೊಟ್ಟ ಬೀಜ ಹುಸಿಹೋಗುವುದಿಲ್ಲ. ಕಾಳಿನ ವ್ಯಾಪಾರಿ ಹಂಪಣ್ಣನಂತೂ ಅವಳು ಮುಟ್ಟದ ಹಣವನ್ನು ಹಣವೆಂದೇ ಒಪ್ಪುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಬ್ಯಾಂಕಿನ ಕೆಲಸಕ್ಕೆ ಸೇರಿದ ಹೆಂಗಸಿಗೆ ಊರು ಕೊಟ್ಟ ದೊಡ್ಡಸ್ತಿಕೆ ಅದು. ಅಂಥವಳ ಕೈಯಿಂದಲೇ ಕಂಪ್ಯೂಟರ್ ಶುರುವಾಗಲಿ ಎಂದು ಶಾಖೆಯವರಿಗೆ ಅನ್ನಿಸಿದ್ದರಲ್ಲಿ ಅತಿಶಯವೇನಿಲ್ಲ. ಆದರೆ ಕಂಪ್ಯೂಟರು ತೆಂಗಿನಕಾಯಿಯಲ್ಲವಲ್ಲ. ಒಬ್ಬರ ಪಾಸ್‌ವರ್ಡಿನಲ್ಲಿ ಇನ್ನೊಬ್ಬರು ಕೂರುವುದು ಬ್ಯಾಂಕಿನ ನಿಯಮದಲ್ಲಿ ದೊಡ್ಡ ತಪ್ಪು, ಅಮಾನತ್ತು ಮಾಡುವಂಥ ತಪ್ಪು. ಪಾರ್ವತೆಮ್ಮನ ನಿವೃತ್ತಿಗೆ ಉಳಿದದ್ದು ಒಂದೇ ವರ್ಷ. ಯಾವ ನಂಟಿನಿಂದ ಕೆಲಸ ನಿಂತಿದೆ ಎಂದು ಮಲ್ಲೇಶ್ವರಿ ಶುಕ್ರವಾರ ಜನರಲ್ ಮ್ಯಾನೇಜರ್ ಸಾಹೇಬರಿಗೆ ವರದಿ ಒಪ್ಪಿಸಬೇಕು.

ವರದಿಯಲ್ಲಿ ಹೆಸರು ಬರೆದರೆ ಅವ್ವನ ಕೆಲಸಕ್ಕೇ ಕುತ್ತು. ಬರೆಯದೆ ಬಾಗಿಲು ಚಾಲೂ ಮಾಡಿದರೆ ಸುಗ್ಗಿಯಲ್ಲಿ ಇಡೀ ಬ್ಯಾಂಕಿಗೇ ಕುತ್ತು. ಇನ್ನು ಅವ್ವನ ಎದುರು ನಿಂತು ಈ ರೂಢಿ ಬಿಡು ಎನ್ನುವುದೆಂದರೆ, ಅವಳಿಗಿದ್ದ ಒಂದೇ ಒಂದು ಹೆಮ್ಮೆಯನ್ನು ಮಗಳೇ ಕಿತ್ತುಕೊಂಡ ಹಾಗೆ. ಈ ಮೂರನೆಯದೇ ಮಲ್ಲೇಶ್ವರಿಗೆ ಎಲ್ಲಕ್ಕಿಂತ ಕಷ್ಟವೆನಿಸಿತು. ಅದರ ಅಡಿಯಲ್ಲಿ ಹಳೆಯ ನೋವೂ ಒಂದಿತ್ತು. ಅವಳ ಬಾಣಂತನಕ್ಕೆ ಬಂದ ಅವ್ವ ಮರುದಿನ ಬೆಳಗಿನ ಬಸ್ಸಿಗೇ ಕುಕನೂರಿಗೆ ಓಡಿದ್ದಳು. ನನಗಿಂತ ಅವ್ವನಿಗೆ ಕೌಂಟರೇ ಹೆಚ್ಚು ಎಂದು ಅಂದೇ ಅವಳಿಗೆ ಅನ್ನಿಸಿತ್ತು, ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ.

ಗುರುವಾರ ಅವಳು ಮೊದಲ ಬಸ್ಸು ಹತ್ತಿದಳು. ಭಾನಾಪುರ ದಾಟಿ ತಳಕಲ್ಲಿನವರೆಗೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದಳು. ಕುಕನೂರಿನಲ್ಲಿ ಇಳಿಯುವಷ್ಟರಲ್ಲಿ ಎಲ್ಲ ಮರೆತು ಹೋಯಿತು.

ಶಾಖೆಯ ಬಾಗಿಲು ಆಗಷ್ಟೇ ತೆರೆದಿತ್ತು. ಅವಳು ಕಂಬದ ಮರೆಯಲ್ಲಿ ನಿಂತು ನೋಡಿದಳು. ಮ್ಯಾನೇಜರ್ ವಿರುಪಣ್ಣನೂ ಗುಮಾಸ್ತರೂ ತಮ್ಮ ತಮ್ಮ ಕುರ್ಚಿಯ ಹಿಂದೆ ಕೈಕಟ್ಟಿ ನಿಂತಿದ್ದರು. ಪಾರ್ವತೆಮ್ಮ ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಕಂಪ್ಯೂಟರಿನ ಮುಂದೆ ಬಗ್ಗಿ ತನ್ನ ನಂಬರು, ಪಾಸ್‌ವರ್ಡ್ ಒತ್ತುತ್ತ ಹೋದಳು. ಅವಳು ಒತ್ತಿದ ಮೇಲೆಯೇ ಅವರು ಕುಳಿತದ್ದು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಹಾಂ, ಯಲಬುರ್ಗಾನ?" ಎಂದಳು ಪಾರ್ವತೆಮ್ಮ. "ಬರಕೋರಿ. ಈ ತಿಂಗಳದ್ದು 'ಬೆಲ್ಲ', ಮುಂದ ನಾಕು ಒಂದು. ಎಲ್ಲಾ ಛಲೋ ಆಗ್ಲಿ." ಇಟ್ಟ ಮೇಲೆ ಮತ್ತೆ ಫೋನು, ಈ ಸಲ ಕುಷ್ಟಗಿ. ಆಮೇಲೆ ಕನಕಗಿರಿ. ಕುಕನೂರಿನಿಂದ ವರ್ಗವಾಗಿ ಹೋದವರೆಲ್ಲ ಪಾತ್ರೆಪಗಡದ ಜೊತೆ ಪಾರ್ವತೆಮ್ಮನ ಪಾಸ್‌ವರ್ಡನ್ನೂ ಕಟ್ಟಿಕೊಂಡು ಹೋಗಿದ್ದರು. ಆ ಕೈಗುಣ ಜಿಲ್ಲೆಯ ತುಂಬ ಹಬ್ಬಿದ್ದು ಹೀಗೆ.

ಮಲ್ಲೇಶ್ವರಿಗೆ ನಗು ತಡೆಯಲಾಗಲಿಲ್ಲ. ನಗು ಕೇಳಿ ತಿರುಗಿದ ವಿರುಪಣ್ಣನ ಮುಖ ಬಿಳಚಿಕೊಂಡಿತು.

"ಬರ್ರಿ ಮೇಡಂ, ಹೆಡ್ಡಾಫೀಸಿಂದ ಬಂದೀರಿ, ಒಂದ ಮಾತ ಫೋನ್ ಮಾಡಬಾರದೇನ್ರಿ" ಎಂದು ಕುರ್ಚಿ ಎಳೆದ. "ಇದು ಏನಿಲ್ರಿ, ಅಕ್ಕಾರು ಬರೇ ಧೂಳ ಒರಸಾಕತ್ತಿದ್ರು."

"ಪಾಸ್‌ವರ್ಡ್ ಹಾಕಿ ಧೂಳ ಒರಸ್ತಾರೇನ್ರಿ?" ಎಂದಳು ಮಲ್ಲೇಶ್ವರಿ. ವಿರುಪಣ್ಣ ತುರ್ತಾಗಿ ಚಹಾ ಹೇಳಲು ತಾನೇ ಹೊರಗೆ ಹೋದ.

ಅವ್ವ-ಮಗಳು ಹಿಂದಿನ ಕೋಣೆಗೆ ಹೋದರು. ಪಾರ್ವತೆಮ್ಮನ ಗೆಳತಿ ತಾಜಬೀ, ಶಾಖೆಯ ಅಟೆಂಡರ್, ಮಂಡಾಳು ಮಿರ್ಚಿ ತಂದಿಟ್ಟು ಬಾಗಿಲಿಗೇ ಒರಗಿ ನಿಂತಳು. ಅವಳಿಂದ ಮುಚ್ಚಿಡುವುದು ಏನೂ ಇರಲಿಲ್ಲ.

ಮಲ್ಲೇಶ್ವರಿ ಮೂರು ಕೋಣೆಯ ಕತೆ ಹೇಳಿದಳು, ಚೀಟಿಯ ಕತೆ ಹೇಳಿದಳು. ಕೊನೆಗೆ ಅವ್ವನ ಮುಖ ನೋಡಲಾರದೆ ಮಿರ್ಚಿಯನ್ನು ನೋಡುತ್ತ ಅಂದಳು: "ಅವ್ವ, ನಿನ್ನ ಒಂದ ನಂಬರಿಗೆ ಇಡೀ ಜಿಲ್ಲಾ ಕಟ್ಟಿ ಹಾಕಿದಂಗ ಆಗೇತಿ. ಎಲ್ಲಾರೂ ಅವರವರ ನಂಬರಿಂದನ ಚಾಲೂ ಮಾಡಬೇಕು. ನಿನಗ ಬ್ಯಾಸರ ಆಗ್ತೈತಿ ನನಗ ಗೊತ್ತೈತಿ. ನಿನ್ನ ಕೈಗುಣ ಇಲ್ಲ ಅಂತ ನಾ ಅನ್ನಾಂಗಿಲ್ಲ."

ಪಾರ್ವತೆಮ್ಮ ಎತ್ತಿಕೊಂಡಿದ್ದ ಮಿರ್ಚಿಯನ್ನು ತಿರುಗಿ ಇಟ್ಟಳು. ಮಲ್ಲೇಶ್ವರಿಯ ಕಣ್ಣು ಮಂಜಾಯಿತು.

"ಹಂಗಾರ," ಎಂದಳು ಪಾರ್ವತೆಮ್ಮ ನಿಧಾನವಾಗಿ, "ನಾ ಒಂದಿನಾ ಬರಲಿಲ್ಲಂದ್ರೂ ಬ್ಯಾಂಕ್ ಚಾಲೂ ಆಗ್ತೈತೇನು?"

"ಆಗ್ತೈತವ್ವ."

"ಖರೇನ? ನಿನ್ನ ಯಂತ್ರದಾಣಿ ಹೇಳು."

"ಖರೇನ."

ಪಾರ್ವತೆಮ್ಮ ತಾಜಬೀಯ ಕಡೆ ತಿರುಗಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಪಾರ್ವತೆಮ್ಮ ನಗತೊಡಗಿದಳು, ಹೊಟ್ಟೆ ಹಿಡಿದುಕೊಂಡು, ಮಂಡಾಳು ಚೆಲ್ಲುವ ಹಾಗೆ. ತಾಜಬೀಯೂ ಬಾಗಿಲ ಚೌಕಟ್ಟು ಹಿಡಿದು ನಕ್ಕಳು. ಮಲ್ಲೇಶ್ವರಿ ಮಾತ್ರ ಏನೂ ತಿಳಿಯದೆ ಕೂತಿದ್ದಳು.

"ಏನ ಹುಚ್ಚಿ ಅದೀಯ ನೀ" ಎಂದಳು ಪಾರ್ವತೆಮ್ಮ, ಕಣ್ಣೊರೆಸಿಕೊಂಡು. "ಈ ಯಂತ್ರ ಬಂದಾಗಿಂದ ನಾ ಒಂದ ರಜಾ ಹಾಕಿಲ್ಲ. ಜ್ವರ ಬಂದ್ರ ಈ ವಿರುಪಣ್ಣ ಸ್ಕೂಟರ್ ತಗೊಂಡು ಮನಿ ಮುಂದ ಹಾಜರ. ಹಬ್ಬಕ್ಕ ಊರಿಗೆ ಹೋದ್ರ ಹಂಪಣ್ಣ ಬಸ್‌ಸ್ಟ್ಯಾಂಡಿನ್ಯಾಗ ನಿಂತು ಯಾವಾಗ ಬರತೀರಿ ಅಕ್ಕಾರ ಅಂತಾನ. ನಿನ್ನ ಬಾಣಂತನಕ್ಕ ಬಂದ್ನಲ್ಲ, ಕೂಸಿನ ಮುಖಾ ಸೈತ ಸರಿಯಾಗಿ ನೋಡ್ಲಿಲ್ಲ ನಾ. ಬಸ್ಸಿನ್ಯಾಗ ಅಳಕೋತನ ಬಂದೆ. ಯಾರ ಮುಂದ ಹೇಳ್ಲಿ? ಊರ ಮಂದಿ ಪ್ರೀತೀಲೆ ಕಟ್ಟಿ ಹಾಕ್ಯಾರ, ಬಿಡಸರಿ ಅನ್ನಾಕ ಬಾಯಿ ಬರಾಂಗಿಲ್ಲ."

ಮಲ್ಲೇಶ್ವರಿಯ ಎದೆಯೊಳಗೆ ವರ್ಷಗಳಿಂದ ಕೂತಿದ್ದ ಕಲ್ಲೊಂದು ಕರಗಿ ಹೋಯಿತು. ಕೌಂಟರು ಅವ್ವನಿಗೆ ಹೆಚ್ಚಾಗಿರಲಿಲ್ಲ, ಅವ್ವ ಕೌಂಟರಿಗೆ ಹೆಚ್ಚಾಗಿದ್ದಳು. ಅಷ್ಟು ದೊಡ್ಡ ನಂಟನ್ನು ಯಂತ್ರದಲ್ಲಿ ಪತ್ತೆ ಹಚ್ಚಿದವಳಿಗೆ ಇದೊಂದು ಇಷ್ಟು ದಿನ ಕಾಣಿಸಿರಲಿಲ್ಲ. ಅವಳು ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ, ಎರಡೂ ಆಗಿರಬೇಕು.

ಆದರೆ ಊರನ್ನು ಒಪ್ಪಿಸಬೇಕಲ್ಲ. ಸುದ್ದಿ ಹೊರಗೆ ಹೋದ ಕೂಡಲೇ ಹಂಪಣ್ಣ ಹಣದ ಚೀಲವನ್ನು ಎದೆಗವುಚಿಕೊಂಡು ಕೌಂಟರಿನ ಮುಂದೆ ಬಂದು ನಿಂತ. "ಅಕ್ಕಾರ ಕೈ ಬೀಳಲಾರದ ಕೌಂಟರಿನ್ಯಾಗ ನಾ ಒಂದ ಪೈ ಇಡಾಂಗಿಲ್ರಿ" ಎಂದು ಹಟ ಹಿಡಿದ.

"ನನ್ನ ಕೈ ನನ್ನ ಹಂತೇಕ ಐತಿ ಹಂಪಣ್ಣ, ನಂಬರಿನ್ಯಾಗ ಇಲ್ಲ" ಎಂದಳು ಪಾರ್ವತೆಮ್ಮ. ಗುಮಾಸ್ತರೆಲ್ಲ ತಂತಮ್ಮ ನಂಬರು ಒತ್ತಲಿ, ಕೊನೆಯ ಗುಂಡಿಯೊಂದನ್ನು ತಾನು ಮುಟ್ಟುತ್ತೇನೆ ಎಂದು ತೀರ್ಮಾನ ಕೊಟ್ಟಳು. ಹಂಪಣ್ಣ ಒಪ್ಪಿ ಚೀಲ ಕೆಳಗಿಟ್ಟ. ಗುಮಾಸ್ತರು ತಮ್ಮ ಪಾಸ್‌ವರ್ಡ್ ನೆನಪಿಲ್ಲದೆ ತಲೆ ಕೆರೆದುಕೊಂಡರು. ಕೊಟ್ಟ ದಿನವೇ ಮರೆತಿದ್ದರು. ಮಲ್ಲೇಶ್ವರಿ ಕೊಪ್ಪಳಕ್ಕೆ ಫೋನು ಮಾಡಿ ಗಾಳೇಶನಿಂದ ಒಬ್ಬೊಬ್ಬರಿಗೂ ಹೊಸದು ಕೊಡಿಸಿದಳು. ಯಲಬುರ್ಗಾ, ಕುಷ್ಟಗಿ, ಕನಕಗಿರಿಗೆ ಪಾರ್ವತೆಮ್ಮನೇ ಫೋನಿನಲ್ಲಿ ಹೇಳಿದಳು: "ನಿಮ್ಮ ನಂಬರು ನೀವ ಒತ್ತರಿ. ನಾ ಇಲ್ಲಿಂದ ಹರಸೀನಿ, ತಂತಿ ಮ್ಯಾಲೆ ಬರತೈತಿ." ಅವರೂ ಒಪ್ಪಿದರು. ಒಬ್ಬ ಮಾತ್ರ, ಹರಸಿದ್ದು ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಕೇಳಿದನಂತೆ.

ಅಂದು ಮಧ್ಯಾಹ್ನದಿಂದ ಗಾಳೇಶ ಕಾವಲು ಪ್ರೋಗ್ರಾಮನ್ನು ಮತ್ತೆ ಓಡಿಸಿದ. ಶುಕ್ರವಾರ ಬೆಳಿಗ್ಗೆ ಆ ದೊಡ್ಡ ಗಂಟು ಬಿಚ್ಚಿ, ನೂರಾರು ಸಣ್ಣ ಸಣ್ಣ ಗಂಟುಗಳಾಗಿತ್ತು. ಪಾರ್ವತೆಮ್ಮನ ನಂಬರು ಕುಕನೂರಿನ ತನ್ನ ಕೌಂಟರಿನಲ್ಲಿ ತೆಪ್ಪಗಿತ್ತು. ಇನ್ನೊಂದೇ ಒಂದು ಕಡೆ ಮಾತ್ರ ಉಳಿದಿತ್ತು. ಅದು ಹೆಡ್ಡಾಫೀಸಿನ ಮಹಡಿಯ ಮೇಲಿನ ಕಂಪ್ಯೂಟರು.

ಮಲ್ಲೇಶ್ವರಿ ವರದಿ ಹಿಡಿದು ಮಹಡಿ ಹತ್ತಿದಳು. ಹೆಸರು ಮುಚ್ಚಿಡಲಿಲ್ಲ, ನಡೆದದ್ದನ್ನೆಲ್ಲ ಹೇಳಿದಳು. ಸಾಹೇಬರು ಕನ್ನಡಕ ಏರಿಸಿಕೊಂಡು ಗಂಭೀರವಾಗಿ ಕೇಳಿ, ಇದು ಭಾರಿ ತಪ್ಪು, ಕ್ರಮ ತಗೋಬೇಕಾಗ್ತದ ಎಂದು ಶುರುಮಾಡಿದರು. ಮಲ್ಲೇಶ್ವರಿ ಅವರ ಪರದೆಯ ಮೂಲೆಯಲ್ಲಿದ್ದ ಅವ್ವನ ನಂಬರನ್ನು ನೋಡಿದಳು. ಸಾಹೇಬರೂ ನೋಡಿದರು. ಅವರು ಮೊದಲು ಕುಕನೂರಿನ ಶಾಖೆಯಲ್ಲೇ ಇದ್ದವರು.

"ಆತು," ಎಂದರು ಸಾಹೇಬರು, ವರದಿಯನ್ನು ಮಡಿಚುತ್ತ. "ತಪ್ಪು ಸರಿ ಆಗೇತಿ ಅಂದ ಮ್ಯಾಲೆ ಎದಕ್ಕ ಕೆದಕೂದು. ಸೋಮವಾರ ಚಾಲೂ ಮಾಡ್ರಿ." ಅವಳು ಬಾಗಿಲವರೆಗೆ ಹೋದ ಮೇಲೆ ಮೆಲ್ಲಗೆ ಕೂಗಿ ಕೇಳಿದರು: "ಮೇಡಂ, ನನ್ನ ಪಾಸ್‌ವರ್ಡ್ ಏನಿತ್ರಿ?"

ಸೋಮವಾರ ಬ್ಯಾಂಕು ತೆರೆಯುವ ಹೊತ್ತಿಗೆ ಮಲ್ಲೇಶ್ವರಿ ಬಾಗಿಲನ್ನು ಚಾಲೂ ಮಾಡಿದಳು. ಗಂಗಾವತಿಯ ಕೆಲಸಗಳು ದಬದಬನೆ ಬಂದವು. ಕೆಲವು ಒಂದನೆಯ ಕೋಣೆಗೆ, ಕೆಲವು ಎರಡಕ್ಕೆ, ಕೆಲವು ಮೂರಕ್ಕೆ. ಕುಷ್ಟಗಿಯಿಂದ ಬಂದವೂ ಹಾಗೇ ಹಂಚಿಹೋದವು. ಯಾವ ಚೀಟಿಯೂ ಕಳೆಯಲಿಲ್ಲ. ಎಲ್ಲಿಯೂ ಕೆಲಸ ಅರ್ಧಕ್ಕೆ ನಿಲ್ಲಲಿಲ್ಲ. ಗಾಳೇಶ ಪರದೆಯ ಮುಂದೆ ಕುಳಿತು, ಊಟದ ಪಂಕ್ತಿಯಲ್ಲಿ ಬಡಿಸುವವನನ್ನು ಮೇಸ್ತ್ರಿ ನೋಡುವ ಹಾಗೆ ತೃಪ್ತಿಯಿಂದ ತಲೆಯಾಡಿಸಿದ.

ಅವ್ವನಿಗೆ ಹೇಳೋಣವೆಂದು ಮಲ್ಲೇಶ್ವರಿ ಕುಕನೂರಿಗೆ ಫೋನು ಮಾಡಿದಳು. ಎತ್ತಿದ್ದು ವಿರುಪಣ್ಣ.

"ಅಕ್ಕಾರು ರಜಾ ಹಾಕ್ಯಾರ್ರಿ" ಎಂದ. "ಒಂದು ವಾರ. ತಾಜಬೀನೂ ಹಾಕ್ಯಾಳ. ಶನಿವಾರ ಹೋಗೂಮುಂದ ಎಲ್ಲಾ ಕಂಪ್ಯೂಟರ್ ಒಂದೊಂದ ಸಲ ಮುಟ್ಟಿ, ವಾರದ್ದು ಒಮ್ಮೆಲೆ ಬೋಣಿ ಮಾಡಿ ಹೋಗ್ಯಾರ. ಹಂಪಣ್ಣ ಈಗಷ್ಟ ಬಂದು ರೊಕ್ಕಾ ಕಟ್ಟಿ ಹೋದ್ರಿ. ಏನೂ ಆಗಿಲ್ಲ."

ಎಲ್ಲಿಗೆ ಹೋದರು ಎಂದರೆ ಅವನಿಗೆ ಗೊತ್ತಿರಲಿಲ್ಲ. ನಮ್ಮ ಮನೆಗೇ ಬರುತ್ತಿರಬೇಕು, ಮೊಮ್ಮಗಳನ್ನು ನೋಡಲು, ಎಂದು ಮಲ್ಲೇಶ್ವರಿ ಹಿಗ್ಗಿದಳು. ಮಧ್ಯಾಹ್ನಕ್ಕೆ ಶೇಂಗಾ ಹೋಳಿಗೆ ಮಾಡಲು ಯಾರಿಗೆ ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಫೋನು ಬಂತು. ಹಿಂದೆ ಬಸ್ಸುಗಳ ಹಾರ್ನು, ಯಾರೋ ಬಾಳೆಹಣ್ಣು ಕೂಗುತ್ತಿದ್ದರು.

"ಮಲ್ಲಿ, ನಾ. ಗಂಗಾವತಿ ಬಸ್‌ಸ್ಟ್ಯಾಂಡಿನ್ಯಾಗ ಅದೀನಿ" ಎಂದಳು ಪಾರ್ವತೆಮ್ಮ. "ನಾನೂ ತಾಜಬೀನೂ ಮ್ಯಾಟಿನಿ ನೋಡಾಕ ಬಂದೀವಿ. ನಿನಗೂ ಒಂದ ಟಿಕೀಟ್ ತಗದೀವಿ, ಲಗೂನ ಬಾ."

"ಯಾವ ಸಿನಿಮಾ ಅವ್ವ?"

"ಯಾವದರೆ ಯಾಕ ಆಗವಲ್ದು. ಮುಂಜಾನಿ ಹತ್ತಕ್ಕ ಬ್ಯಾಂಕಿಗೆ ಓಡೂದಿಲ್ಲ, ನನಗ ಅಷ್ಟ ಸಾಕು."

ಮಲ್ಲೇಶ್ವರಿಗೆ ನಗು ಉಕ್ಕಿತು. ಆದರೂ ಬಾಯಿಗೆ ಬಂದದ್ದು ಹಳೆಯ ಮಾತೇ: ಇವತ್ತೇ ಬಾಗಿಲು ಚಾಲೂ ಮಾಡಿದ್ದೇನೆ, ನಾನು ಇಲ್ಲದಿದ್ದರೆ ಹೇಗೆ? ಅನ್ನುತ್ತ ಅನ್ನುತ್ತ ಪರದೆಯ ಕಡೆ ನೋಡಿದಳು. ಮೂರೂ ಕೋಣೆಗಳು ತಮ್ಮಷ್ಟಕ್ಕೆ ತಾವು ಕೆಲಸ ಹಂಚಿಕೊಂಡು ನಡೆದಿದ್ದವು. ಅವಳ ಕಡೆ ಒಂದೂ ತಿರುಗಿ ನೋಡುತ್ತಿರಲಿಲ್ಲ.

"ಹೋಗ್ರಿ ಮೇಡಂ, ನಾ ಅದೀನಲ್ಲ" ಎಂದ ಗಾಳೇಶ. "ಅದೂ ಅಲ್ದ ನೀವು ಎದಿ ಹಿಡಕೊಂಡು ಕುಂತ್ರ ನನಗ ಅಂಜಿಕಿ ಬರತೈತಿ."

ಅವಳು ಚೀಲ ಎತ್ತಿಕೊಂಡಳು. ದಾರಿಯಲ್ಲಿ ಶಾಲೆಗೆ ಹೋಗಿ, ಮಗಳ ಹೊಟ್ಟೆನೋವಿನ ನೆಪ ಹೇಳಿ ಅವಳನ್ನೂ ಬಿಡಿಸಿಕೊಂಡಳು. ಐದು ವರ್ಷದ ಮಗಳು ಹೊಟ್ಟೆನೋವಿನ ಮುಖ ಮಾಡಲು ಮರೆತು ಗೇಟಿನವರೆಗೂ ಕುಣಿಯುತ್ತ ಬಂದಳು. ಗಂಗಾವತಿಯ ಬಸ್ಸು ಗದ್ದೆಗಳ ನಡುವೆ ಇಳಿಯುವಾಗ ಭತ್ತ ಆಗತಾನೆ ಬಣ್ಣಕ್ಕೆ ತಿರುಗುತ್ತಿತ್ತು.

ಇವರು ಸೇರುವಷ್ಟರಲ್ಲಿ ಸಿನಿಮಾ ಶುರುವಾಗಿ ಬಹಳ ಹೊತ್ತಾಗಿತ್ತು. ಪಾರ್ವತೆಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪರದೆಯನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತ ಕುಳಿತಳು. ತಾಜಬೀ ಕತೆ ಹೇಳಿದಳು, ಹಿಂದಿನ ಸಾಲಿನವರು ಬೈದರು, ಇವಳು ಇನ್ನೂ ಗಟ್ಟಿಯಾಗಿ ಹೇಳಿದಳು. ಸಿನಿಮಾ ಮುಗಿದು ದೀಪ ಹತ್ತಿದಾಗ ಪಾರ್ವತೆಮ್ಮ ಏಳಲಿಲ್ಲ. ಜನ ಖಾಲಿಯಾಗುವವರೆಗೂ ಸಾವಕಾಶವಾಗಿ ಕುಳಿತು, ಆಮೇಲೆ ಮಗಳ ಕಡೆ ತಿರುಗಿದಳು.

"ಮಲ್ಲಿ," ಎಂದಳು, "ನಾಳೆ ಮುಂಜಾನಿ ಎಲ್ಲಿಗೆ ಹೋಗೂಣು?"